ನಕ್ಷೆಗಾರರು ಬೈಕು ಇಳಿಸಿದ್ದು

"ಭಾನುವಾರದೊಳಗೆ ನಮ್ಮ ಬೈಕಿನ ಹಿಂಭಾಗ ಎರಡು ಇಂಚು ಕೆಳಗಿಳಿದಿರುತ್ತೆ. ಮೆಕ್ಯಾನಿಕ್ಕು ಗಿಕ್ಯಾನಿಕ್ಕು ಯಾರೂ ಬೇಡ. ಮೂವತ್ತೆರಡು ವರ್ಷ ಸೇತುವೆಗಳ ನಕ್ಷೆ ಬರೆದ ಕೈ ಇದು!"

ಗುರುವಾರ ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ನಕ್ಷೆಗಾರರು ಹೀಗೆ ಪ್ರತಿಜ್ಞೆ ಮಾಡಿದರು. ಆ ಕೈ ಬರೆದ ಸೇತುವೆಗಳು ಇವತ್ತಿಗೂ ಗಟ್ಟಿಮುಟ್ಟಾಗಿ ನಿಂತಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ್ನು ಕಟ್ಟಿದವರು ಬೇರೆಯವರು ಎಂಬ ಸಣ್ಣ ವಿಷಯ ನಿವೃತ್ತಿಯಾದ ಮೇಲೆ ಅವರಿಗೆ ಮರೆತುಹೋಗಿತ್ತು. ಹೆಂಡತಿ ಅದನ್ನು ನೆನಪಿಸುವ ಗೋಜಿಗೆ ಹೋಗದೆ, ಚೆಲ್ಲಿದ ಕಾಫಿ ಒರೆಸಿಕೊಂಡು ಒಳಗೆ ಹೋದರು.

ಭಾನುವಾರದ ಗಡುವಿಗೆ ಕಾರಣವಿತ್ತು. ಮದುವೆಯಾದ ವರ್ಷ ಸೆಕೆಂಡ್ ಹ್ಯಾಂಡ್ ಕೊಂಡ ಬೈಕು ಅದು. ಮನೆಗೆ ಮಗಳಿಗಿಂತ ಮೊದಲು ಬಂದದ್ದು, ಮಗಳಿಗಿಂತ ಹೆಚ್ಚು ಸಲ ಸ್ನಾನ ಮಾಡಿಸಿಕೊಂಡದ್ದು. ಇಪ್ಪತ್ತೊಂಬತ್ತು ವರ್ಷ ಅದರ ಹಿಂದೆ ಕೂತ ಹೆಂಡತಿ, ಕಳೆದ ವರ್ಷ ಒಂದು ದಿನ "ನನ್ನ ಕೈಲಿ ಹತ್ತೋಕಾಗಲ್ಲ" ಅಂದವರು ಆಮೇಲೆ ಬಸ್ಸು ಹಿಡಿಯತೊಡಗಿದರು. ಅಮ್ಮನೇ ಕೂರದ ಮೇಲೆ ಆ ಗುಜರಿಯನ್ನು ಯಾರಿಗಾಗಿ ಇಟ್ಟುಕೊಂಡಿದ್ದೀರಿ ಎಂದು ಮಗಳು ಫೋನಿನಲ್ಲಿ ತಗಾದೆ ತೆಗೆದಳು. ಅವಳ ಆಫೀಸಿನವರೊಬ್ಬರು ಭಾನುವಾರ ಬೆಳಿಗ್ಗೆ ಹತ್ತಕ್ಕೆ ನೋಡಲು ಬರುತ್ತಾರೆ, ಒಪ್ಪಿದರೆ ಒಯ್ಯುತ್ತಾರೆ. ನಕ್ಷೆಗಾರರು ಹೆಂಡತಿಯ ಬಳಿ ದೂರು ಒಯ್ದಾಗ ಆಕೆ ಒಂದೇ ಷರತ್ತು ಹಾಕಿದರು.

"ನಾನು ಹಿಂದೆ ಕೂರೋ ಹಾಗೆ ಮಾಡಿ. ಮಾರೋದು ಬೇಡ ಅಂತ ನಾನೇ ಅವಳಿಗೆ ಹೇಳ್ತೀನಿ."

ಬೈಕು ಹೋಗುವುದೆಂದರೆ ಬರೀ ಕಬ್ಬಿಣ ಹೋಗುವುದಲ್ಲ. ಮದುವೆಯಾದ ಮೊದಲ ವರ್ಷ ದಿನಾ ಸಂಜೆ ಇಬ್ಬರೂ ಅದರ ಮೇಲೆ ಊರು ಸುತ್ತುತ್ತಿದ್ದರು. ಅಂಚೆ ಕಚೇರಿ, ಮಿಲ್ಲಿನ ಉದ್ದನೆಯ ಗೋಡೆ, ಕೆರೆ ಏರಿ, ರೈಲ್ವೆ ಗೇಟು, ಮತ್ತೆ ಮನೆ. ಎಲ್ಲೂ ಇಳಿಯುತ್ತಿರಲಿಲ್ಲ. ಬೆನ್ನಿಗೆ ಆಕೆಯ ಭುಜ ತಾಗುತ್ತಿತ್ತು, ಕಿವಿಯ ಹತ್ತಿರ ಆಕೆಯ ಮಾತು ಹರಿಯುತ್ತಿತ್ತು. "ಎಲ್ಲಾದರೂ ಇಳಿಯೋಣ ಅಂತ ಒಂದು ದಿನವೂ ಅನ್ನಿಸಲಿಲ್ಲ ಕಣ್ರೀ, ಅಂಥಾ ಪ್ರೀತಿ!" ಎಂದು ನಕ್ಷೆಗಾರರು ಮನೆಗೆ ಬಂದವರಿಗೆಲ್ಲ ಮೂವತ್ತು ವರ್ಷ ಹೇಳಿದ್ದಾರೆ. ಈ ಮಾತು ಬಂದಾಗಲೆಲ್ಲ ಹೆಂಡತಿ ನೀರು ತರಲು ಒಳಗೆ ಹೋಗುತ್ತಿದ್ದರು. ನಾಚಿಕೆ ಎಂದು ನಕ್ಷೆಗಾರರು ಮೀಸೆಯಲ್ಲೇ ನಗುತ್ತಿದ್ದರು.

ಗುರುವಾರವಿಡೀ ನಕ್ಷೆಯಾಯಿತು. ಬೈಕಿನ ಪಕ್ಕದ ನೋಟ, ಹಿಂದಿನ ನೋಟ, ಅದರ ಪಕ್ಕದಲ್ಲಿ ಹೆಂಡತಿಯ ಮಂಡಿಯ ನೋಟ. ಆಕೆ ಅಡುಗೆಮನೆಯಲ್ಲಿ ನಿಂತಿದ್ದಾಗ ಸದ್ದಿಲ್ಲದೆ ಟೇಪು ಹಿಡಿದು ನೆಲದಿಂದ ಮಂಡಿಗೆ ಎಷ್ಟು ಎಂದು ಅಳೆಯಲು ಹೋಗಿ ಸೌಟಿನ ಏಟು ತಿಂದದ್ದೂ ಆಯಿತು. ಸಂಜೆ ಗುಜರಿ ಅಂಗಡಿಯಿಂದ ಯಾವುದೋ ಚಿಕ್ಕ ಬೈಕಿನ ಒಂದು ಜೊತೆ ಶಾಕ್ ಅಬ್ಸಾರ್ಬರು ತಂದರು. ಹಳೆಯದಕ್ಕಿಂತ ಸರಿಯಾಗಿ ಎರಡು ಇಂಚು ಗಿಡ್ಡ.

ಶುಕ್ರವಾರ ಅಂಗಳದಲ್ಲಿ ಮರದ ಸ್ಟೂಲು ಹಾಕಿಕೊಂಡು ಕೂತರು. ಹಳೆಯ ಬೋಲ್ಟುಗಳು ಮೂವತ್ತು ವರ್ಷದ ಸಂಸಾರ ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದವು. ಅಡುಗೆ ಎಣ್ಣೆ ಅರ್ಧ ಡಬ್ಬಿ ಖಾಲಿಯಾಯಿತು, ಎಡಗೈ ಹೆಬ್ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತು. ಮಧ್ಯಾಹ್ನದ ಹೊತ್ತಿಗೆ ಹಳೆಯವು ಹೊರಬಂದು ಗಿಡ್ಡವು ಒಳಹೋದವು. ಬೈಕು ಊಟ ಮಾಡಿ ಒರಗಿದ ಯಜಮಾನನ ಹಾಗೆ ಹಿಂದಕ್ಕೆ ವಾಲಿತು. ನಕ್ಷೆಗಾರರು ಟೇಪು ಹಿಡಿದು ನೋಡಿದರು. ಎರಡೇ ಇಂಚು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಬೈಕು ಇಳಿದಿತ್ತು, ಸೈಡ್ ಸ್ಟ್ಯಾಂಡು ಮಾತ್ರ ಇಳಿದಿರಲಿಲ್ಲ. ಅದು ತನ್ನ ಹಳೆಯ ಉದ್ದದಲ್ಲೇ ಇತ್ತು. ಹಾಗಾಗಿ ಯಾವಾಗಲೂ ಎಡಕ್ಕೆ ಬಾಗಿ ನಿಲ್ಲುತ್ತಿದ್ದ ಬೈಕು ಈಗ ಪರೇಡಿನ ಪೊಲೀಸಿನಂತೆ ನೆಟ್ಟಗೆ ನಿಂತಿತು. ನಕ್ಷೆಗಾರರು ಕೈ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ತಮ್ಮ ಕೆಲಸವನ್ನು ಕಣ್ತುಂಬಿಕೊಳ್ಳುತ್ತಿದ್ದಂತೆ ಬಲಕ್ಕೆ ಉರುಳಿತು. ಹೆಂಡತಿಯ ಆರು ಹೂಕುಂಡಗಳು ಅಲ್ಲಿಗೆ ಮುಗಿದವು.

ಹಿಂಭಾಗ ಇಳಿದರೆ ಮುಂಭಾಗ ಮೇಲೇಳುತ್ತದೆ ಎಂಬುದು ಸಂಜೆ ದೀಪ ಹಾಕಿದಾಗ ತಿಳಿಯಿತು. ಹೆಡ್‌ಲೈಟು ರಸ್ತೆಯನ್ನು ಬಿಟ್ಟು ಎದುರು ಮನೆಯ ಮಹಡಿಯನ್ನು ಬೆಳಗಿತು. ಅಲ್ಲಿ ಬಟ್ಟೆ ತೆಗೆಯುತ್ತಿದ್ದ ಟೈಲರು ಕಣ್ಣಿಗೆ ಕೈ ಅಡ್ಡ ಹಿಡಿದು, ತಮ್ಮಿಂದೇನಾದರೂ ತಪ್ಪಾಗಿದೆಯೇ ಎಂದು ವಿಚಾರಿಸಿದರು.

ಇಷ್ಟಾದರೂ ನಕ್ಷೆಗಾರರು ಸೋಲೊಪ್ಪಲಿಲ್ಲ. ಶನಿವಾರ ಬೆಳಿಗ್ಗೆ, ಹಿಂದೆ ಆಳು ಕೂತರೆ ಹೇಗಿರುತ್ತದೋ ನೋಡಬೇಕೆಂದು ಚೀಲಕ್ಕೆ ಮರಳು ತುಂಬಿ ಸೀಟಿಗೆ ಕಟ್ಟಿದರು. ತೂಕ ಕೇಳುವ ಧೈರ್ಯವಿರಲಿಲ್ಲವಾದ್ದರಿಂದ ಅಂದಾಜಿನಲ್ಲೇ ತುಂಬಿದ್ದರು.

ಹೆಂಡತಿ ಹೊರಗೆ ಬಂದು ಚೀಲವನ್ನು ಮೇಲಿಂದ ಕೆಳಗೆ ನೋಡಿದರು. "ಇದು ನಾನಾ?"

"ಸ್ವಲ್ಪ ಜಾಸ್ತೀನೇ ಹಾಕಿದೀನಿ, ಸುರಕ್ಷತೆಗೆ."

ಆ ದಿನ ಮಧ್ಯಾಹ್ನದ ಊಟ ಏಕೆ ತಡವಾಯಿತು ಎಂದು ಬೇರೆ ಹೇಳಬೇಕಿಲ್ಲ. ಚೀಲದ ಭಾರಕ್ಕೆ ಹಿಂದಿನ ಟೈರು ಮಡ್‌ಗಾರ್ಡಿಗೆ ಉಜ್ಜಿ ಕರ್ರೋ ಎಂದು ಕೂಗಿತು. ರಸ್ತೆಯ ಮೊದಲ ಉಬ್ಬಿನಲ್ಲೇ ಬೈಕಿನ ಹೊಟ್ಟೆ ತಗುಲಿ, ಚೀಲ ಹರಿದು, ಮನೆಯವರೆಗೂ ಮರಳು ಸುರಿಯಿತು. ಹಿಂದೆ ಏನೂ ಉಳಿಯದಾದಾಗ ಮಾತ್ರ ಟೈರು ಸುಮ್ಮನಾಯಿತು. ಎರಡು ದಿನ ಬೆವರು ಸುರಿಸಿ ನಕ್ಷೆಗಾರರು ಒಬ್ಬರೇ ಕೂರುವ ಬೈಕು ತಯಾರಿಸಿದ್ದರು.

ಕೊನೆಗೆ ಬೇಡವೆಂದಿದ್ದ ಗ್ಯಾರೇಜಿನ ಮೇಸ್ತ್ರಿಯನ್ನೇ ಕರೆಸಬೇಕಾಯಿತು. ಆತ ಬೈಕಿಗೆ ಒಂದು ಸುತ್ತು ಹಾಕಿ, ನಕ್ಷೆಗಾರರನ್ನು ಏನೂ ಕೇಳದೆ ನೇರ ಹೆಂಡತಿಯ ಕಡೆ ತಿರುಗಿದ.

"ಅಮ್ಮಾ, ಇಷ್ಟು ವರ್ಷ ನೀವು ಹೇಗೆ ಹತ್ತುತ್ತಿದ್ರಿ?"

"ಎರಡನೇ ಮೆಟ್ಟಿಲಿಂದ."

ಮೇಸ್ತ್ರಿ ಬಾಗಿಲ ಕಡೆ ನೋಡಿದ. ಅಲ್ಲಿ ಮೆಟ್ಟಿಲೇ ಇರಲಿಲ್ಲ, ಸಿಮೆಂಟಿನ ನುಣ್ಣನೆಯ ಇಳಿಜಾರಿತ್ತು. ನಕ್ಷೆಗಾರರ ಮುಖ ಹುಳ್ಳಗಾಯಿತು. ಬೈಕನ್ನು ತಳ್ಳದೆ ನೇರ ಒಳಗೆ ತರಬೇಕೆಂದು ಕಳೆದ ವರ್ಷ ಆ ಇಳಿಜಾರಿನ ನಕ್ಷೆ ಬರೆದವರು ಅವರೇ. ಮೂರು ಮೆಟ್ಟಿಲುಗಳನ್ನು ಚುಕ್ಕಿ ಗೆರೆಯಲ್ಲಿ ಗುರುತಿಸಿ, ಬಾಣ ಹಾಕಿ, "ಒಡೆಯತಕ್ಕದ್ದು" ಎಂದು ದುಂಡಗೆ ಬರೆದು ಸಹಿ ಕೂಡ ಮಾಡಿದ್ದರು. ಇಪ್ಪತ್ತೊಂಬತ್ತು ವರ್ಷ ಮೆಟ್ಟಿಲಿಗೆ ಒತ್ತಿ ಬೈಕು ನಿಲ್ಲಿಸಿದ್ದರು, ಹೆಂಡತಿ ಮೇಲಿಂದ ಆರಾಮಾಗಿ ಸೀಟಿಗೆ ಜಾರುತ್ತಿದ್ದರು. ನಕ್ಷೆಗಾರರು ಯಾವಾಗಲೂ ಮುಂದೆ ನೋಡುತ್ತಿದ್ದರು.

"ಮೆಟ್ಟಿಲು ಅಂತ ಒಂದು ಮಾತು ಹೇಳಬಾರದಿತ್ತೇನೇ?"

"ಹತ್ತೋಕಾಗಲ್ಲ ಅಂದೆ. ಯಾಕೆ ಅಂತ ನೀವು ಕೇಳಲಿಲ್ಲ. ಮಂಡಿ ನೋವು ಅಂತ ನೀವೇ ತೀರ್ಮಾನ ಮಾಡಿ ಮುಲಾಮು ತಂದುಕೊಟ್ರಿ."

ಮೇಸ್ತ್ರಿ ಅರ್ಧ ಗಂಟೆಯಲ್ಲಿ ಹಳೆಯ ಶಾಕ್ ಅಬ್ಸಾರ್ಬರುಗಳನ್ನು ಹಾಕಿಕೊಟ್ಟು, ಮುಸಿಮುಸಿ ನಗುತ್ತಾ ಹೋದ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಹೆಂಡತಿ ಅದೇ ಮರದ ಸ್ಟೂಲನ್ನು ಬೈಕಿನ ಪಕ್ಕಕ್ಕೆ ಎಳೆದು, ಅದರ ಮೇಲೆ ಕಾಲಿಟ್ಟು, ಹಿಂದಿನ ಸೀಟಿನಲ್ಲಿ ಕೂತರು. ಕೂತಲ್ಲಿಂದಲೇ ಮಗಳಿಗೆ ಫೋನು ಮಾಡಿ, "ಕೂತಿದೀನಿ. ಅವರಿಗೆ ಬರೋದು ಬೇಡ ಅಂತ ಹೇಳಿಬಿಡು" ಅಂದರು. ನಕ್ಷೆಗಾರರ ಕಣ್ಣು ಮಂಜಾಯಿತು. ಕನ್ನಡಿಯಲ್ಲಿ ಧೂಳಿದೆಯೆಂದು ಅದನ್ನು ಒರೆಸುತ್ತಾ ಸ್ವಲ್ಪ ಹೊತ್ತು ನಿಂತರು.

ಅಂಚೆ ಕಚೇರಿ ದಾಟಿತು, ಮಿಲ್ಲಿನ ಗೋಡೆ ದಾಟಿತು. ಬೆನ್ನಿಗೆ ಅದೇ ಭುಜ, ಕಿವಿಗೆ ಅದೇ ಮಾತು. ಕೆರೆ ಏರಿಯ ಮೇಲೆ ಸ್ವಲ್ಪ ಇಳಿಯೋಣವೇ ಎಂದು ಕೇಳಿದಾಗ, ಇಳಿದರೆ ಮತ್ತೆ ಹತ್ತುವುದು ಹೇಗೆ, ಸ್ಟೂಲು ಮನೆಯಲ್ಲಿದೆಯಲ್ಲ ಎಂದು ಹೆಂಡತಿ ನಕ್ಕರು. ನಕ್ಷೆಗಾರರಿಗೆ ಅದೂ ಹಿತವಾಯಿತು.

"ಮೊದಲನೇ ವರ್ಷದ ಹಾಗೇ ಆಯ್ತಲ್ಲೇ. ಆಗಲೂ ನಾವು ಎಲ್ಲೂ ಇಳೀತಿರಲಿಲ್ಲ. ಯಾಕೆ, ಹೇಳು ನೋಡೋಣ?"

"ಆಫ್ ಮಾಡಿದ್ರೆ ಗಾಡಿ ಮತ್ತೆ ಸ್ಟಾರ್ಟ್ ಆಗ್ತಿರಲಿಲ್ಲ. ಮೊದಲನೇ ದಿನ ರೈಲ್ವೆ ಗೇಟಿಂದ ಮನೆ ತನಕ ತಳ್ಳಿದ್ದು ನಾನು. ನೀವು ಹ್ಯಾಂಡಲ್ ಹಿಡ್ಕೊಂಡು ಕೂತಿದ್ರಿ."

ನಕ್ಷೆಗಾರರು ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿದರು. "ಮೂವತ್ತು ವರ್ಷ ಯಾಕೆ ಹೇಳಲಿಲ್ಲ ಮತ್ತೆ?"

"ನೀವು ಅಷ್ಟು ಚೆನ್ನಾಗಿ ಹೇಳ್ತಿದ್ರಿ. ಕೇಳೋಕೆ ಹಿತವಾಗಿರೋದು."

ಮುಂದೆ ರೈಲ್ವೆ ಗೇಟು ಮುಚ್ಚಿತ್ತು. ಅಕ್ಕಪಕ್ಕದ ಗಾಡಿಯವರೆಲ್ಲ ಒಬ್ಬೊಬ್ಬರಾಗಿ ಎಂಜಿನ್ ನಿಲ್ಲಿಸಿ ರೈಲಿಗೆ ಕಾದರು. ನಕ್ಷೆಗಾರರು ಮಾತ್ರ ನಿಲ್ಲಿಸಲಿಲ್ಲ.