ಕೋಳಿ ಕೂಗಿದ ಜೋಳದ ಚೀಲ

ದಸರಾ ರಜೆ ಶುರುವಾದ ದಿನ ನಮ್ಮ ಪಡಸಾಲೆಯ ನಡುವೆ ನಿಂತು ನಾನೊಂದು ಘೋಷಣೆ ಮಾಡಿದೆ. ಗುಡಗೇರಿಯ ಇತಿಹಾಸದಲ್ಲಿ ಯಾವ ಮಾಸ್ತರನೂ ಮಾಡಿರದಂಥ ಘೋಷಣೆ! ರಜೆ ಮುಗಿಯುವ ತನಕ ಈ ಮನೆಯಲ್ಲಿ ಮೊಬೈಲಿಲ್ಲ, ಟೀವಿಯಿಲ್ಲ. ಎಲ್ಲರೂ ಕೂಡಿ ಉಣ್ಣಬೇಕು, ಕೂಡಿ ಪಗಡೆ ಆಡಬೇಕು, ಒಬ್ಬರ ಮುಖ ಒಬ್ಬರು ನೋಡಬೇಕು.

"ನಿಮ್ಮ ಮಾರಿ ದಿನಾ ನೋಡತೇನಲ್ರಿ," ಎಂದಳು ಹೆಂಡತಿ ಮಹಾನಂದಾ.

ಆದರೂ ಒಪ್ಪಿದಳು, ಒಂದು ಕರಾರಿನ ಮೇಲೆ. ಮೊದಲು ಮೊಬೈಲ್ ಮುಟ್ಟಿದವರು ದೀಪಾವಳಿ ತನಕ ಮನೆಮಂದಿಗೆಲ್ಲ ರೊಟ್ಟಿ ಬಡಿಯಬೇಕು. ನಾನು ನಕ್ಕುಬಿಟ್ಟೆ. ಊರಿನ ಮಕ್ಕಳಿಗೆಲ್ಲ ಶಿಸ್ತು ಕಲಿಸಿದವನು ನಾನು, ನನಗೇನು ಹೆದರಿಕೆ!

ಅವಳದು, ಕಾಲೇಜಿಗೆ ಹೋಗುವ ಮಗ ಹೇಮಂತನದು, ನನ್ನದು, ಎಲ್ಲ ಮೊಬೈಲುಗಳನ್ನೂ ಬಂದ್ ಮಾಡಿಸಿ ಅರಿವೆಯಲ್ಲಿ ಗಂಟು ಕಟ್ಟಿದೆ. ಕಾಳಿನ ಕೋಣೆಗೆ ಹೋಗಿ ಬಿಳಿಜೋಳದ ಚೀಲವೊಂದರಲ್ಲಿ ಹುಗಿದೆ. ಯಾವ ಚೀಲವೆಂಬುದು ನನಗೊಬ್ಬನಿಗೇ ಗೊತ್ತು. ಗಂಟಿನಲ್ಲಿ ನನ್ನ ಮೊಬೈಲಿನ ಬಾಜೂಕ್ಕೆ ಪವರ್ ಬ್ಯಾಂಕೊಂದನ್ನೂ ಇಟ್ಟಿದ್ದೆನೆಂಬುದು ಸಹ ನನಗೊಬ್ಬನಿಗೇ ಗೊತ್ತು. ಏನು ಮಾಡಲಿ, ಆಗಲೇ ಕ್ರಿಕೆಟ್ ಶುರುವಾಗಬೇಕೆ!

ಪಗಡೆ ಆಡುತ್ತ ಕೂತವನು ಥಟ್ಟನೆ ಎದ್ದು, ಕಾಳಿನ ಕೋಣೆಯಲ್ಲಿ ಇಲಿ ಸಪ್ಪಳವಾಯಿತು ಎಂದು ಒಳಗೆ ಹೋಗುತ್ತಿದ್ದೆ. ಮೊಣಕೈ ತನಕ ಜೋಳದಲ್ಲಿ ಕೈ ಹಾಕಿ ಮೊಬೈಲ್ ತೆಗೆದು, ಸ್ಕೋರು ನೋಡಿ, ಬಂದ್ ಮಾಡಿ, ಮತ್ತೆ ಹುಗಿಯುತ್ತಿದ್ದೆ. ಚಹಾ ಕುಡಿದ ಮೇಲೆ ಇಲಿ, ಊಟಕ್ಕೆ ಕೂಡುವ ಮೊದಲು ಇಲಿ. ವಿಕೆಟ್ ಬಿದ್ದಾಗ ಮುಖ ಸಣ್ಣದು ಮಾಡಿಕೊಂಡು ಹೊರಬಂದರೆ, ಮಗನಿಗೆ ಜೋಳದ ಚಿಂತೆ ಹತ್ತಿದೆಯೆಂದು ನಮ್ಮವ್ವ ರೇವವ್ವ ಮರುಗುತ್ತಿದ್ದಳು.

ಸಂತೆಯ ದಿನ ಕಾಯಿಪಲ್ಲೆ ಹೊತ್ತು ಮನೆಗೆ ಬಂದವನೇ ಇಲಿ ನೋಡಲು ಹೋದೆ. ಚೀಲವೇ ಇಲ್ಲ!

"ಮಠದ ಟ್ರ್ಯಾಕ್ಟರ್ ಬಂದಿತ್ತೋ ತಮ್ಮಾ," ಎಂದಳು ಅವ್ವ. "ಪುರಾಣದ ದಾಸೋಹಕ್ಕ ಮನಿಗೊಂದು ಚೀಲ ಕೇಳಿದ್ರು. ನೀ ದಿನಾ ಇಲಿ ಇಲಿ ಅಂತಿದ್ದೆಲ್ಲಾ, ಆ ಚೀಲಾನ ಕೊಟ್ನಿ. ಇಲಿ ಮುಟ್ಟೂದ್ರೊಳಗ ದೇವರಿಗೆ ಮುಟ್ಲಿ ಅಂತ."

ಮಠಕ್ಕೆ ಕೊಟ್ಟದ್ದನ್ನು ತಿರುಗಿ ಹುಡುಕಿಕೊಂಡು ಹೋದ ಮನೆತನ ನಮ್ಮೂರಲ್ಲಿ ಇರಲಿಲ್ಲ. ಆ ಕೀರ್ತಿ ನನ್ನಿಂದ ಬಂತು. ಮೊಬೈಲಿನ ಗಂಟು ಆ ಚೀಲದಲ್ಲೇ ಇದೆಯೆಂದು ನಾನು ಬಾಯಿಬಿಟ್ಟದ್ದೇ ತಡ, ಎಲ್ಲರೂ ಓಡಿದೆವು. ಮಠದ ಅಂಗಳದ ತುಂಬ ಚೀಲಗಳು, ಎಲ್ಲವೂ ಒಂದೇ ನಮೂನೆ. ಅವನ್ನು ಬೀಸಲು ಒಯ್ಯಲೆಂದು ಗಿರಣಿಯ ಅಬ್ದುಲಮಜೀದ ಕಾಕಾ ಗಾಡಿ ತಂದು ನಿಲ್ಲಿಸಿದ್ದರು. ಸಂಗತಿ ಕೇಳಿ ತಮ್ಮ ಮೊಬೈಲ್ ತೆಗೆದರು.

"ಮಾಸ್ತರ, ನಿಮ್ಮ ನಂಬರಿಗೆ ಹಚ್ಚತೇನಿ. ಯಾವ ಚೀಲದಾಗ ಸಪ್ಪಳ ಆಕ್ಕೈತಿ ನೋಡೂಣು."

ಆಗ ನನಗೆ ನೆನಪಾಯಿತು. ಸಂತೆಗೆ ಹೊರಡುವ ಅವಸರದಲ್ಲಿ ನನ್ನ ಮೊಬೈಲನ್ನು ಬಂದ್ ಮಾಡದೆಯೇ ಹುಗಿದಿದ್ದೆ! ಅದು ಸಪ್ಪಳ ಮಾಡಿದರೆ ನನ್ನ ಮಾನ ಹೋಗುತ್ತದೆ, ಮಾಡದಿದ್ದರೆ ಮೊಬೈಲುಗಳು ಹಿಟ್ಟಾಗುತ್ತವೆ. ಬೇಡ ಕಾಕಾ, ಎಲ್ಲವೂ ಬಂದ್ ಆಗಿವೆ, ಚೀಲ ಬಿಚ್ಚಿಯೇ ಹುಡುಕೋಣ ಎಂದು ಗೋಗರೆದೆ. ಅಷ್ಟರಲ್ಲಿ ಅವರು ಹಚ್ಚಿಬಿಟ್ಟಿದ್ದರು.

ಚೀಲದೊಳಗಿಂದ ಕೋಳಿ ಕೂಗಿತು! ಅದು ನನ್ನ ರಿಂಗ್‌ಟೋನ್. ಮಠದ ಅಂಗಳದಲ್ಲಿ, ಸ್ವಾಮಿಗಳ ಎದುರಿಗೆ, ಕೊಕ್ಕೊಕ್ಕೋ! ಪ್ರಸಾದಕ್ಕೆ ಕೂತಿದ್ದ ಮಂದಿಯೆಲ್ಲ ಎದ್ದು ಬಂದರು. ಹೇಮಂತ ಚೀಲದ ಬಾಯಿ ಬಿಚ್ಚಿ ಗಂಟನ್ನು ಹೊರಗೆಳೆದ. ಅವನ ಮತ್ತು ಮಹಾನಂದಾಳ ಮೊಬೈಲುಗಳು ಕಪ್ಪಗೆ ತಣ್ಣಗೆ ಮಲಗಿದ್ದವು. ನನ್ನದು ಥಳಥಳ ಹೊಳೆಯುತ್ತ, ವಾಯರ್ ಜೋತುಬಿಟ್ಟುಕೊಂಡು ಹೊರಬಂತು.

ಮಹಾನಂದಾ ಆ ವಾಯರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ತುದಿಯಲ್ಲಿ ಪವರ್ ಬ್ಯಾಂಕ್ ತೂಗಾಡುತ್ತಿತ್ತು.

"ಇಲಿ ಸಿಕ್ತು ನೋಡ್ರಿ ಅತ್ತಿ," ಎಂದಳು. "ಬಾಲಾ ಅಗದಿ ಉದ್ದ ಐತಿ."

ಈಗ ದಿನವೂ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೇನೆ. ಒಂದು ನಡುವೆ ಹರಿಯುತ್ತದೆ, ಇನ್ನೊಂದು ಹಂಚಿನ ಬದಲು ನನ್ನ ಕೈಗೇ ಅಂಟುತ್ತದೆ. ದುಂಡಗಿನದು ಇನ್ನೂ ಹುಟ್ಟಿಲ್ಲ. ಆದರೇನು, ನನ್ನ ಘೋಷಣೆ ಗೆದ್ದಿತು! ಮೊಬೈಲುಗಳು ಕೈಗೆ ಬಂದರೂ ಯಾರೂ ನೋಡುವುದಿಲ್ಲ. ನಾನು ಹಿಟ್ಟು ನಾದಲು ಕೂತರೆ ಸಾಕು, ಮನೆಮಂದಿಯೆಲ್ಲ ಚಾಪೆ ಹಾಸಿ ಎದುರಿಗೆ ಕೂಡುತ್ತಾರೆ. ನಿನ್ನೆ ಅವ್ವ ಬಾಜೂಮನೆಯ ತಾಯವ್ವನನ್ನೂ ಕರೆದುಕೊಂಡು ಬಂದಳು. ತನ್ನ ಧಾರಾವಾಹಿಯ ಹೊತ್ತಾಯಿತೆಂದು ತಾಯವ್ವ ಏಳಹೋದರೆ ಕೈಹಿಡಿದು ಕೂಡಿಸಿದಳು.

"ಕುಂದ್ರ ಬೇ. ಟೀವಿ ಯಾವಾಗ ಬೇಕಾದ್ರೂ ನೋಡಬಹುದು. ಇದು ದೀಪಾವಳಿ ತನಕಾ ಅಷ್ಟ."