ಕುಟ್ಟೆ ಹುಳುವಿಗೆ ಕಿವಿಗೊಡುವ ಮಾವ

ನಮ್ಮ ಸೋದರಮಾವ ಯಾರ ಮನೆಗೆ ಹೋದರೂ ಮೊದಲು ಮಾತನಾಡಿಸುವುದು ಮನೆಯವರನ್ನಲ್ಲ, ಅವರ ಬಾಗಿಲನ್ನು! ಬೀಗದ ಕೈಯಿಂದ ಚೌಕಟ್ಟನ್ನು ನಾಲ್ಕು ಸಲ ಕುಟ್ಟಿ, ಕಿವಿಯನ್ನು ಮರಕ್ಕೆ ಒತ್ತಿ, ಕಣ್ಣು ಮುಚ್ಚಿ ನಿಂತುಬಿಡುತ್ತಾರೆ. "ಬನ್ನಿ, ಕೂತ್ಕೊಳ್ಳಿ" ಎಂದವರಿಗೆ ಸಿಗುವ ಉತ್ತರ "ಶ್...". ಕುಟ್ಟೆ ಹುಳು ಮರ ಕೊರೆಯುವ ಸದ್ದು ಅವರಿಗೆ ಕೇಳಿಸುತ್ತದಂತೆ. ನಮಗೆಲ್ಲ ಕೇಳಿಸುವುದು ಅಡುಗೆಮನೆಯ ಕುಕ್ಕರ್ ಕೂಗು ಮಾತ್ರ.

ಇದೇನು ಹುಚ್ಚು ಎನ್ನಬೇಡಿ. ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುವವರು ಅವರು. ಹುಳು ಸಾಕುವ ಮನೆಯ ತೊಲೆಗೆ ಕುಟ್ಟೆ ಹಿಡಿದರೆ ಔಷಧಿ ಹೊಡೆಯುವಂತಿಲ್ಲ. ಕುಟ್ಟೆಗಿಂತ ಮೊದಲು ರೇಷ್ಮೆ ಹುಳುವೇ ಸಾಯುತ್ತದೆ. ಹಾಗಾಗಿ ಕಿವಿಯೇ ಗತಿ. ಆ ಕಿವಿಯನ್ನು ಪಳಗಿಸಿದ್ದೂ ರೇಷ್ಮೆ ಹುಳುಗಳೇ. ಸಾವಿರಾರು ಹುಳು ಒಟ್ಟಿಗೆ ಸೊಪ್ಪು ಮೇಯುವಾಗ ಜಿನುಗು ಮಳೆಯ ಹಾಗೆ ಸದ್ದು ಬರುತ್ತದೆ. ಅದನ್ನು ಕೇಳಿಯೇ ಬೆಳೆ ಹೇಗೆ ಬರುತ್ತದೆಂದು ಮಾವ ಹೇಳುತ್ತಿದ್ದರು. ಒಂದು ಹುಳು ತಿಂದರೆ ಮನೆಗೆ ಅನ್ನ, ಇನ್ನೊಂದು ತಿಂದರೆ ಮನೆಯೇ ಇಲ್ಲ. ಯೋಚಿಸಿದರೆ, ಇವರು ಬದುಕಿನುದ್ದಕ್ಕೂ ಕಿವಿಗೊಟ್ಟಿದ್ದು ಬೇರೆಯವರು ಉಣ್ಣುವ ಸದ್ದಿಗೇ.

ಒಮ್ಮೆ ಚಿಂತಾಮಣಿಯಲ್ಲಿ ನೆಂಟರೊಬ್ಬರ ಮಗಳ ಮದುವೆ. ಬೀಗರ ಕಣ್ಣಿಗೆ ಬೀಳಲೆಂದು ಹೊಸ ಮಂಚವನ್ನು ಹಾಲಿನಲ್ಲೇ ಇಟ್ಟಿದ್ದರು. ಮಾವ ನೆಲದ ಮೇಲೆ ಉದ್ದಕ್ಕೆ ಮಲಗಿ ಮಂಚದ ಕಾಲಿಗೆ ಕಿವಿಗೊಟ್ಟರು. ತಲೆಸುತ್ತಿ ಬಿದ್ದರೆಂದು ಯಾರೋ ಮುಖಕ್ಕೆ ನೀರು ಚಿಮುಕಿಸಿದರು. ಮಾವ ಮುಖ ಒರೆಸಿಕೊಂಡು, "ಹುಡುಗ ಹುಡುಗೀದು ಆಮೇಲಾಗ್ಲಿ ಸ್ವಾಮಿ, ಇದರೊಳಗೆ ಆಗ್ಲೇ ಸಂಸಾರ ನಡೀತಾ ಐತೆ" ಎಂದರು. ನೆಂಟರು ಆರು ತಿಂಗಳು ಮಾತು ಬಿಟ್ಟರು. ಏಳನೇ ತಿಂಗಳು ಮಂಚದ ಕಾಲು ಮುರಿಯಿತು. ಇನ್ನೊಂದು ಮಂಚ ಕೊಳ್ಳಲು ಮಾವನನ್ನೇ ಕರೆದುಕೊಂಡು ಹೋದರು!

ಹೋದ ತಿಂಗಳು ನಾವು ಚಿಕ್ಕಬಳ್ಳಾಪುರದಲ್ಲಿ ಹಳೆಯ ಮನೆಯೊಂದನ್ನು ನೋಡಿದೆವು. ಮಾವ ಒಪ್ಪಿದರೆ ಕೊಳ್ಳೋಣ ಎಂದೆ. "ಅಲ್ಲಿರೋದು ನಾವೋ, ನಿಮ್ಮ ಮಾವನ ಕಿವಿಯೋ?" ಎಂದಳು ನನ್ನ ಹೆಂಡತಿ. ಮಾವ ಬಂದರು. ಮುಂಬಾಗಿಲಿಗೆ ಕಿವಿಗೊಟ್ಟು ಬಹಳ ಹೊತ್ತು ನಿಂತರು.

"ಏಮೀ ಲೇದಮ್ಮ, ಏನೂ ಇಲ್ಲ. ಗಟ್ಟಿ ಮರ."

ಹೆಂಡತಿ ನನ್ನ ಮುಖ ನೋಡಿದಳು. ಹೊಸ್ತಿಲ ಮೇಲೆ, ಮಾವನ ಕಾಲ ಪಕ್ಕದಲ್ಲೇ, ಆಗತಾನೆ ಉದುರಿದ ಹಿಟ್ಟಿನಂಥ ಮರದ ಪುಡಿ ಬಿದ್ದಿತ್ತು. ನಿಮ್ಮ ಕಿವಿ ಮಂದವಾಗಿದೆ ಎಂದು ಮಾವನಿಗೆ ಹೇಳುವುದು ಹೇಗೆ?

ಅಷ್ಟರಲ್ಲಿ ಅವರೇ ಮೆಟ್ಟಿಲ ಮೇಲೆ ಕುಳಿತು, "ಹುಳು ಸಾಕೋದು ಈ ಬೆಳೆಗೇ ನಿಲ್ಸಿಬಿಡ್ತೀನಿ ಕಣಮ್ಮ" ಎಂದರು. "ಸೊಪ್ಪೇನೋ ಖಾಲಿಯಾಗ್ತೈತೆ. ಆದ್ರೆ ಸದ್ದೇ ಇಲ್ಲ. ಮನಸ್ಸಿಲ್ದೆ ತಿಂತಾವೆ. ಯಾಕೋ ನನ್ ಮೇಲೆ ಮುನಿಸ್ಕೊಂಡವೆ."

ನನಗೆ ಬಹಳ ಸಂಕಟವಾಯಿತು. ಮಾವನನ್ನು ಎಲ್ಲರಿಗಿಂತ ಹೆಚ್ಚು ಆಡಿಕೊಂಡವಳು ನನ್ನ ಹೆಂಡತಿ. ಅವಳೇ ಬಗ್ಗಿ ಆ ಪುಡಿಯನ್ನು ಚಿಟಿಕೆಯಲ್ಲಿ ತೆಗೆದು ಅವರ ಅಂಗೈಗೆ ಹಾಕಿದಳು.

"ನೋಡಿ ಮಾವ, ಇಲ್ಲೂ ಹುಳು ತಿಂತಾನೇ ಇದೆ. ಅಲ್ಲಿ ನಿಮ್ಮವೂ ಚೆನ್ನಾಗೇ ತಿಂತಿದಾವೆ. ಸಣ್ಣ ಸದ್ದು ನಿಮಗೆ ಕೇಳಿಸ್ತಿಲ್ಲ, ಅಷ್ಟೆ."

ಮಾವ ಪುಡಿಯನ್ನು ಬೆರಳಿನಿಂದ ಉಜ್ಜಿ ನೋಡಿದರು. ಕಿವಿ ಹೋಯಿತೆಂದು ಕುಸಿದುಹೋಗುತ್ತಾರೇನೋ ಎಂದು ನಾನು ಹೆದರಿದ್ದೆ. ಅವರ ಮುಖ ನಿಧಾನವಾಗಿ ಅರಳಿತು.

"ಹಂಗಾದ್ರೆ ಅವಕ್ಕೆ ನನ್ ಮೇಲೆ ಕೋಪ ಇಲ್ಲ ಅನ್ನಮ್ಮ" ಎಂದು ಎದ್ದು ನಿಂತರು. "ಬರ್ತೀನಿ. ಸೊಪ್ಪು ಹಾಕೋ ಹೊತ್ತಾಯ್ತು."