ಸ್ಕಾಟ್‌ಲೆಂಡಿನ ಮಳೆಗೆ ಕಾಫಿ ಮುಚ್ಚಿದ್ದು

ನಾನೂ ಒಂದು ಕಾಲದಲ್ಲಿ ಗಾಲ್ಫ್ ಆಡುತ್ತಿದ್ದೆ ಎಂದರೆ ನಮ್ಮ ಕಡೆಯವರು ಮೊದಲು ನನ್ನ ಹೊಟ್ಟೆ ನೋಡುತ್ತಾರೆ, ಆಮೇಲೆ ಮುಖ ನೋಡುತ್ತಾರೆ. ನೋಡಲಿ. ಸ್ಕಾಟ್‌ಲೆಂಡಿನ ಸಮುದ್ರದಂಡೆಯ ಹುಲ್ಲಿನ ಮೇಲೆ, ಬೀಸುವ ಗಾಳಿಯಲ್ಲಿ, ಸುರಿಯುವ ಮಳೆಯಲ್ಲಿ ನಾನು ಹದಿನೆಂಟು ಗುಳಿಗಳ ಪೂರ್ತಿ ಆಟ ಆಡಿದ್ದೇನೆ. ಲುಂಗಿ ಉಟ್ಟು ಆಡಿದ್ದೇನೆ! ಕುರ್ಚಿಯಿಂದ ಏಳದೆ ಆಡಿದ್ದೇನೆ! ಜಾವಳಿ ಹತ್ತಿರದ ಹತ್ತೆಕರೆ ಕಾಫಿ ತೋಟದ ಯಜಮಾನನಿಗೆ ಇದಕ್ಕಿಂತ ಹೆಚ್ಚಿನ ಕ್ರೀಡಾಸಾಧನೆ ಯಾಕೆ ಬೇಕು?

ಈ ಸಾಧನೆಗೆ ಮೂಲಪುರುಷರು ನನ್ನ ಭಾವ. ಅಕ್ಕನ ಗಂಡ ರಾಘಣ್ಣ ಭಾವ ಕುದುರೆಮುಖದ ಗಣಿಯಲ್ಲಿ ಇಂಜಿನಿಯರಾಗಿದ್ದರು. ಗಣಿ ನಿಂತಿತು. ಕ್ವಾರ್ಟರ್ಸ್‌ಗಳು ಒಂದೊಂದಾಗಿ ಖಾಲಿಯಾದವು. ಭಾವನಿಗೆ ಬಯಲುಸೀಮೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ, ಅವರು ಸಾಮಾನು ಕಟ್ಟುವ ದಿನ ಸಹಾಯಕ್ಕೆಂದು ನಾನು ಜೀಪು ತೆಗೆದುಕೊಂಡು ಹೋಗಿದ್ದೆ. ಅಕ್ಕ ಖಾಲಿ ಅಡುಗೆಮನೆ ಗುಡಿಸಿ ಒರೆಸುತ್ತಿದ್ದಳು. ಮತ್ತೆ ಯಾರೂ ಬಂದು ಇರದ ಮನೆಯನ್ನು ಅಷ್ಟು ಚೊಕ್ಕ ಮಾಡುವುದೇಕೆ ಎಂದು ಕೇಳುವ ಬದಲು ನಾನು ಇನ್ನೊಂದು ಬಕೆಟ್ ನೀರು ತಂದುಕೊಟ್ಟೆ. ಭಾವ ತಮ್ಮ ಹಳೆಯ ಕಂಪ್ಯೂಟರನ್ನು ರಜಾಯಿಯಲ್ಲಿ ಸುತ್ತಿ ನನ್ನ ಜೀಪಿನಲ್ಲಿಟ್ಟರು.

"ಇದು ನಿಂಗಿರ್ಲಿ ಮಾರಾಯ. ಇದ್ರಲ್ಲಿ ಒಂದು ಗಾಲ್ಫ್ ಆಟ ಇದೆ. ನನ್ನ ದಾಖಲೆ ಎಪ್ಪತ್ತಾರು. ನಿನ್ನ ಕೈಲಾದ್ರೆ ಮುರಿ ನೋಡಾಣ!"

ಎಪ್ಪತ್ತಾರು ತಾನೇ? ಒಂದು ವಾರದ ಕೆಲಸ ಎಂದುಕೊಂಡೆ.

ಕಂಪ್ಯೂಟರನ್ನು ಮನೆಯ ಮುಂದಿನ ಕೋಣೆಯ ಕಿಟಕಿಯ ಪಕ್ಕ ಪ್ರತಿಷ್ಠಾಪಿಸಿದ್ದಾಯಿತು. ಮೇಜನ್ನೆಲ್ಲ ಮಾನಿಟರೇ ನುಂಗಿದ್ದರಿಂದ ಎರಡು ಸ್ಪೀಕರುಗಳಿಗೆ ಕಿಟಕಿಯ ಕಟ್ಟೆಯ ಮೇಲೆ ಜಾಗ ಸಿಕ್ಕಿತು. ಕಿಟಕಿಯಾಚೆಗೆ ಕಣ. ಕಣದ ತುಂಬ ಕಾಫಿ. ಈ ಭೂಗೋಳವನ್ನು ದಯವಿಟ್ಟು ನೆನಪಿಡಿ.

ಆಟ ಬಹಳ ನೈಜವಾಗಿತ್ತು. ಮೌಸನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ತೆರೆಯ ಮೇಲಿನ ಮನುಷ್ಯ ಕೋಲು ಬೀಸುತ್ತಿದ್ದ. ಕೈ ಒಂದಿಷ್ಟು ಸೊಟ್ಟಗಾದರೆ ಚೆಂಡು ಮರಳಿಗೋ ನೀರಿಗೋ ಬೀಳುತ್ತಿತ್ತು. ಒಳಗೊಬ್ಬ ವೀಕ್ಷಕ ವಿವರಣೆಯ ಮಹಾಶಯ ಇಂಗ್ಲಿಷಿನಲ್ಲಿ ಪಿಸುಗುಟ್ಟಿ ಮರುಗುತ್ತಿದ್ದ. ಮೊದಲ ದಿನ ಅವನು ಮರುಗಿ ಮರುಗಿ ಸುಸ್ತಾದ.

"ಎಷ್ಟಾಯ್ತು?" ಎಂದು ಕೇಳಿದಳು ಹೆಂಡತಿ ಸುಮಿತ್ರ.

"ನೂರಾ ನಲವತ್ತೊಂದು."

"ಭಾವಂದು ಬರೀ ಎಪ್ಪತ್ತಾರು ಅಂದ್ರಿ? ಗೆದ್ರಲ್ಲ!"

"ಇದ್ರಲ್ಲಿ ಕಡಿಮೆ ಹೊಡೆದವನೇ ಗೆಲ್ಲೋದು ಮಾರಾಯ್ತಿ."

"ಓಹೋ! ಕಡಿಮೆ ಕೆಲ್ಸ ಮಾಡಿದವ್ರು ಗೆಲ್ಲೋ ಆಟ. ಹಂಗಾದ್ರೆ ಅದು ನಿಮಗೇ ಅಂತ ಮಾಡಿದ್ದು ಬಿಡಿ."

ಅವಳ ಮಾತಿನ ಖಾರಕ್ಕೆ ಕಾರಣವಿತ್ತು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಕಾಫಿ ಹಣ್ಣನ್ನು ಹಾಗೇ ಒಣಗಿಸಿ ಮೂಟೆ ಕಟ್ಟುತ್ತಿದ್ದೆವು. ಆ ವರ್ಷ ಸುಮಿತ್ರ ಹಟ ಹಿಡಿದು ಮೊದಲ ಸಲ ಹೆಚ್ಚು ಬೆಲೆ ಬರುವ ಪಾರ್ಚ್‌ಮೆಂಟ್ ಮಾಡಿಸಿದ್ದಳು. ಹಣ್ಣಿನ ಸಿಪ್ಪೆ ತೆಗೆಸಿ, ಬೀಜ ತೊಳೆಸಿ, ತಾನೇ ಬಾಗಿ ಕೊಳಕು ಬೀಜ ಆರಿಸಿ, ಕಣದಲ್ಲಿ ಹರಡಿಸಿದ್ದಳು. ಜೇನುಬಣ್ಣದ ಆ ಬೀಜ ಹತ್ತು ದಿನ ಬಿಸಿಲು ಕಾಯಬೇಕು. ನಡುವೆ ಒಂದು ಮಳೆ ಬಿದ್ದರೆ ಬಣ್ಣ ಕೆಟ್ಟು ಮುಗ್ಗಲು ವಾಸನೆ ಹಿಡಿದು ಅವಳ ಶ್ರಮವೆಲ್ಲ ನೀರುಪಾಲು. "ಇವಳಿಗ್ಯಾಕೆ ಬೇಕಿತ್ತು" ಎಂದು ಊರವರು ಅನ್ನುವುದನ್ನು ಕೇಳಲು ಅವಳು ತಯಾರಿರಲಿಲ್ಲ.

ನಮ್ಮ ಗುಡ್ಡಗಳಲ್ಲಿ ಮಳೆ ಮೊದಲು ಬರುವುದು ಕಣ್ಣಿಗಲ್ಲ, ಕಿವಿಗೆ. ತಲೆಯ ಮೇಲೆ ಬಿಸಿಲಿರುತ್ತದೆ. ಆಚೆ ಗುಡ್ಡದ ಮರಗಳ ಮೇಲೆ 'ಹೋ' ಎಂದು ಸದ್ದು ಏಳುತ್ತದೆ. ಸದ್ದು ಕೇಳಿ ಐದು ನಿಮಿಷಕ್ಕೆ ಮಳೆ ನಮ್ಮ ಅಂಗಳದಲ್ಲಿ. ಹಾಗಾಗಿ ಕಾಫಿ ಒಣಗುವ ಕಾಲದಲ್ಲಿ ಇಲ್ಲಿ ಯಾರೂ ಆಕಾಶ ನೋಡುತ್ತ ಕೂರುವುದಿಲ್ಲ. ಸದ್ದು ಕೇಳಿದ ಕೂಡಲೇ ಟಾರ್ಪಾಲು ಎಳೆಯುವುದು. ಒಂದು ಕಣದಲ್ಲಿ ಕೂಗೆದ್ದರೆ ಪಕ್ಕದ ಕಣದವರೂ ಮುಚ್ಚುವುದು. ತಲೆತಲಾಂತರದಿಂದ ಬಂದ ಈ ಪದ್ಧತಿಯಲ್ಲಿ ಗಾಲ್ಫ್ ಆಟದ ಸ್ಪೀಕರಿಗೆ ಅವಕಾಶ ಇಟ್ಟವರು ಯಾರೂ ಇರಲಿಲ್ಲ.

ಒಂದು ಬೆಳಿಗ್ಗೆ ಹನ್ನೊಂದು ಗಂಟೆ. ಐದನೆಯ ಗುಳಿಯ ಹತ್ತಿರ ಸ್ಕಾಟ್‌ಲೆಂಡಿನಲ್ಲಿ ಮೋಡ ಕವಿಯಿತು. ಸ್ಪೀಕರಿನಲ್ಲಿ ಮೊದಲು ಸಣ್ಣಗೆ, ಆಮೇಲೆ ದಪ್ಪಗೆ 'ಹೋ' ಎಂದಿತು. ಎಂಥ ನೈಜತೆ ಎಂದು ನಾನು ಮೆಚ್ಚಿ ತಲೆದೂಗುತ್ತಿದ್ದೆ.

"ಮಳೇ! ಮಳೆ ಬಂತ್ರೋ! ಎಳೀರೋ!" ಎಂದು ಮೇಸ್ತ್ರಿ ನಿಂಗಪ್ಪ ಹೊರಗೆ ಕೂಗಿದ. ಎಂಟು ಜನ ಆಳುಗಳು ಓಡಿದರು. ಸುಮಿತ್ರ ಹಿಟ್ಟಿನ ಕೈಯಲ್ಲೇ ಓಡಿದಳು. ಹಳ್ಳದಾಚೆ ಪುಟ್ಟೇಗೌಡರ ಕಣ ಮುಚ್ಚಿತು. ಅವರದು ನೋಡಿ ಅದರಾಚೆಯದೂ ಮುಚ್ಚಿತು. ಸುಡುವ ಬಿಸಿಲಿನಲ್ಲಿ ಮೂರು ತೋಟದ ಕಾಫಿ ಟಾರ್ಪಾಲಿನಡಿ ಬೆವರುತ್ತ ಮಲಗಿತು!

ಕಾಲು ಗಂಟೆ ಕಳೆದರೂ ಒಂದು ಹನಿ ಬೀಳಲಿಲ್ಲ. ಸದ್ದಿನ ಜಾಡು ಹಿಡಿದು ಸುಮಿತ್ರ ಕಿಟಕಿಗೆ ಬಂದು ನಿಂತಳು. ಸ್ಪೀಕರು ನೋಡಿದಳು. ನನ್ನನ್ನು ನೋಡಿದಳು. ಕೈಗೆ ಮೆತ್ತಿದ ಹಿಟ್ಟನ್ನು ಸ್ಪೀಕರಿನ ಮೇಲೆಯೇ ಒರೆಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಪುಟ್ಟೇಗೌಡರ ಫೋನು. "ಏನ್ ಮಾರಾಯ್ರೆ, ಮಳೆ ಎಲ್ಲಿ?"

"ಸ್ಕಾಟ್‌ಲೆಂಡಲ್ಲಿ, ಗೌಡ್ರೆ."

"ಅಲ್ಲಿ ಮಳೆ ಬಂದ್ರೆ ನಮ್ಮ ಕಾಫಿ ಯಾಕ್ ಮುಚ್ಬೇಕು?"

ನ್ಯಾಯವಾದ ಪ್ರಶ್ನೆ.

ಸುಮಿತ್ರ ಮಳೆ ನಿಲ್ಲಿಸಲು ಆಜ್ಞೆ ಮಾಡಿದಳು. ಆಟದಲ್ಲಿ ಮಳೆ ನಿಲ್ಲಿಸುವ ಗುಂಡಿ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಭಾವ ಮಳೆಯಲ್ಲಿ ಆಡಿ ಎಪ್ಪತ್ತಾರು ಮಾಡಿದವರು. ನಾನು ಬಿಸಿಲಿನಲ್ಲಿ ಆಡಿ ಗೆದ್ದರೆ ಮಾನ ಉಳಿಯುತ್ತದೆಯೇ? ಸದ್ದು ಸಣ್ಣದು ಮಾಡುತ್ತೇನೆ ಎಂದು ರಾಜಿ ಮಾಡಿಕೊಂಡೆ. ಮಾಡಿದೆ ಕೂಡ. ಆದರೆ ಹತ್ತಿರದ ಮಳೆಯನ್ನು ಸಣ್ಣದು ಮಾಡಿದರೆ ಅದು ದೂರದ ಮಳೆಯ ಹಾಗೆಯೇ ಕೇಳುತ್ತದೆ ಎಂಬ ವಿಜ್ಞಾನ ನನಗೆ ಹೊಳೆದಿರಲಿಲ್ಲ. ಮರುದಿನ ನಿಂಗಪ್ಪ ಮತ್ತೆ ಕೂಗಿದ. ಮತ್ತೆ ಮೂರು ಕಣ ಮುಚ್ಚಿದವು. ಪುಟ್ಟೇಗೌಡರು ಈ ಸಲ ಫೋನು ಮಾಡಲಿಲ್ಲ. ತಮ್ಮ ಕಣದಲ್ಲಿ ನಿಂತೇ ಏನೋ ಹೇಳಿದರು. ಹಳ್ಳ ದಾಟಿ ಅದು ಸ್ಪಷ್ಟವಾಗಿ ಕೇಳಿಸಿತು.

ಅಂದಿನಿಂದ ನಿಂಗಪ್ಪ ತನ್ನ ಕಿವಿಯನ್ನೇ ನಂಬುವುದು ಬಿಟ್ಟ. ನಲವತ್ತು ವರ್ಷ ಗುಡ್ಡಗಳ ಮಳೆಯನ್ನೆಲ್ಲ ಸದ್ದಿನಲ್ಲೇ ಗುರುತಿಸಿದ ಕಿವಿ ಅದು. ಅದನ್ನು ಎರಡೇ ದಿನದಲ್ಲಿ ಕೆಡಿಸಿದ ಕೀರ್ತಿ ನನ್ನದು.

ನಾಲ್ಕು ದಿನ ಕಳೆಯಿತು. ಪಾರ್ಚ್‌ಮೆಂಟ್ ಇನ್ನೆರಡು ಬಿಸಿಲು ಕಂಡರೆ ಸಾಕು ಅನ್ನುವಷ್ಟಾಗಿತ್ತು. ಸುಮಿತ್ರ ತನ್ನ ಚಿಕ್ಕಮ್ಮನ ಮೊಮ್ಮಗಳಿಗೆ ಹೆಸರಿಡುವ ಶಾಸ್ತ್ರಕ್ಕೆಂದು ಕಳಸಕ್ಕೆ ಹೊರಟಳು. ಬಸ್ಸು ಹತ್ತುವ ಮುಂಚೆ ಹೇಳಿದಳು: "ರೀ, ನಾನು ಏನೂ ಕೇಳಲ್ಲ. ಕಣ ಒಂದು ನೋಡ್ಕೊಳ್ಳಿ. ಒಂದೇ ಒಂದು ಕೆಲ್ಸ."

"ನಾನಿಲ್ವಾ? ನೆಮ್ಮದಿಯಾಗಿ ಹೋಗಿ ಬಾ," ಎಂದೆ. ಈ ಮಾತನ್ನು ಅವಳು ಇವತ್ತಿಗೂ ನನ್ನದೇ ಧ್ವನಿಯಲ್ಲಿ ಹೇಳಿ ತೋರಿಸುತ್ತಾಳೆ.

ಮಧ್ಯಾಹ್ನ ಮೂರು ಗಂಟೆ. ನಾನು ಹದಿನೆಂಟನೆಯ ಗುಳಿಯಲ್ಲಿದ್ದೆ. ಎಪ್ಪತ್ತನಾಲ್ಕು ಹೊಡೆತ ಆಗಿತ್ತು. ಇನ್ನೊಂದೇ ಹೊಡೆತಕ್ಕೆ ಚೆಂಡು ಗುಳಿಗೆ ಬಿದ್ದರೆ ಎಪ್ಪತ್ತೈದು. ಭಾವನ ದಾಖಲೆ ಪುಡಿಪುಡಿ! ತೆರೆಯ ಮೇಲೆ ಮಳೆ ಸುರಿಯುತ್ತಿತ್ತು. ಸದ್ದು 'ಹೋ' ಎನ್ನುತ್ತಿತ್ತು. ಇಂಗ್ಲಿಷ್ ಮಹಾಶಯ ಉಸಿರು ಬಿಗಿಹಿಡಿದಿದ್ದ.

ಕಿಟಕಿಯಲ್ಲಿ ನಿಂಗಪ್ಪನ ಮುಖ ಕಂಡಿತು.

"ಅಯ್ಯಾ, ಇದು ನಿಮ್ಮ ಮಳೆನಾ, ನಮ್ಮ ಮಳೆನಾ?"

ನಾನು ತೆರೆಯಿಂದ ಕಣ್ಣು ಕೀಳದೆ ಅಧಿಕಾರವಾಣಿಯಿಂದ ನುಡಿದೆ: "ನಂದೇ!"

"ಅಲ್ಲ ಅಯ್ಯಾ, ಸ್ವಲ್ಪ ತಣ್ಣಗೆ ಗಾಳಿ..."

"ನಂದೇ ಅಂದ್ನಲ್ಲ ಮಾರಾಯ! ಹೋಗು, ಗಮನ ಕೆಡಿಸ್ಬೇಡ."

ಅವನು ಹೋದ. ನಾನು ಮೌಸನ್ನು ಮೆಲ್ಲಗೆ ಹಿಂದಕ್ಕೆಳೆದೆ. ಮುಂದಕ್ಕೆ ತಳ್ಳಿದೆ. ಚೆಂಡು ಉರುಳಿತು, ನೇರವಾಗಿ ಗುಳಿಯ ಕಡೆಗೆ ಉರುಳಿತು, ಗುಳಿಯ ಅಂಚಿಗೆ ಬಂತು.

ಕರೆಂಟು ಹೋಯಿತು.

ತೆರೆ ಕಪ್ಪಾಯಿತು. ಸ್ಪೀಕರಿನ ದೀಪ ಆರಿತು. ಮಳೆಯ ಸದ್ದು ಮಾತ್ರ ನಿಲ್ಲಲಿಲ್ಲ!

ಕರೆಂಟಿಲ್ಲದೆ ಕಂಪ್ಯೂಟರು ಹೇಗೆ ಸದ್ದು ಮಾಡುತ್ತಿದೆ ಎಂದು ನಾನು ಪೂರ್ತಿ ಅರ್ಧ ನಿಮಿಷ ಆಲೋಚಿಸಿದೆ. ಆಮೇಲೆ ಎದ್ದು ಓಡಿದೆ. ಜಗಲಿ ಇಳಿಯುವಾಗ ಲುಂಗಿ ತೊಡರಿತು. ಕಣದಲ್ಲಿ ಒದ್ದೆ ಕಾಫಿಬೀಜದ ಮೇಲೆ ಕಾಲಿಟ್ಟವನು ನಿಲ್ಲಲಾಗದೆ ಕುಳಿತೆ, ಕುಳಿತವನು ಆ ತುದಿಯವರೆಗೆ ಜಾರಿದೆ. ಅವತ್ತು ನಾನು ನೇರವಾಗಿ ಕೊನೆ ಮುಟ್ಟಿಸಿದ ವಸ್ತು ನನ್ನ ಈ ದೇಹ ಒಂದೇ. ನಿಂಗಪ್ಪ ಮತ್ತು ಆಳುಗಳು ಟಾರ್ಪಾಲು ಎಳೆಯುವಷ್ಟರಲ್ಲಿ ಅರ್ಧ ಕಣ ತೊಯ್ದು ಹೋಗಿತ್ತು. ಹಳ್ಳದಾಚೆ ಪುಟ್ಟೇಗೌಡರ ಕಣ ಮಾತ್ರ ಅಚ್ಚುಕಟ್ಟಾಗಿ ಮುಚ್ಚಿತ್ತು. ಅವರು ನನ್ನನ್ನು ನಂಬುವುದು ಬಿಟ್ಟು ಆಕಾಶ ನೋಡಲು ಶುರು ಮಾಡಿದ್ದರಂತೆ.

ಸಂಜೆ ಬಸ್ಸಿಳಿದು ಬಂದ ಸುಮಿತ್ರ ಕಣ ನೋಡಿದಳು. ಬಯ್ಯುತ್ತಾಳೆ ಎಂದು ತಲೆ ಬಗ್ಗಿಸಿ ನಿಂತಿದ್ದೆ. ಅವಳು ಬಾಗಿ ಒಂದು ಹಿಡಿ ಬೀಜ ಎತ್ತಿಕೊಂಡಳು, ಮೂಸಿದಳು. ಕಣ್ಣು ತುಂಬಿ ಬಂತು. "ಒಂದೇ ಕೆಲ್ಸ ಹೇಳಿದ್ದೆ," ಎಂದಳು ಅಷ್ಟೆ. ಈ ಬರಹದಲ್ಲಿ ಬೇಕಾದಲ್ಲಿ ನಗಿ. ಇಲ್ಲಿ ಮಾತ್ರ ನನಗೆ ನಗು ಬರುವುದಿಲ್ಲ. ಅವತ್ತು ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಒದ್ದೆಯಾದದ್ದನ್ನು ಮನೆಯ ಎಲ್ಲ ಕೋಣೆಗಳಲ್ಲೂ ಹರಡಿದೆವು. ಮಂಚದ ಮೇಲೆ, ಮೇಜಿನ ಮೇಲೆ, ಕೀಬೋರ್ಡಿನ ಸುತ್ತ, ಎಲ್ಲೆಲ್ಲೂ ಕಾಫಿ. ಸುಮಿತ್ರ ಬೀಜ ತಿರುವುವ ಉದ್ದ ಹಿಡಿಯ ಹಲಗೆಯನ್ನು ನನ್ನ ಕೈಗಿಟ್ಟಳು. "ತಗೊಳ್ಳಿ ನಿಮ್ಮ ಕೋಲು. ಇದ್ರಲ್ಲಿ ಜಾಸ್ತಿ ಹೊಡೆದವ್ರೇ ಗೆಲ್ಲೋದು." ಒಂದು ವಾರ ಹಿಂದಕ್ಕೆ ಎಳೆದೆ, ಮುಂದಕ್ಕೆ ತಳ್ಳಿದೆ. ಮರುಗಲು ಯಾವ ಮಹಾಶಯನೂ ಇರಲಿಲ್ಲ. ಅರ್ಧ ಕಾಫಿ ಚೆನ್ನಾಗಿಯೇ ಉಳಿಯಿತು. ಕೆಟ್ಟದ್ದನ್ನು ಮಾರಲು ಸುಮಿತ್ರ ಒಪ್ಪಲಿಲ್ಲ. ಒಂದು ವರ್ಷ ಅದೇ ಪುಡಿಯ ಕಾಫಿ ಮನೆಯಲ್ಲಿ, ಅದೂ ನನ್ನ ಲೋಟಕ್ಕೆ ಮಾತ್ರ! ಹಳೆಯ ಗೋಣಿಚೀಲ ಕುದಿಸಿದ ರುಚಿ. ಕುಡಿದೆ. ಸಕ್ಕರೆ ಇನ್ನೊಂದು ಚಮಚ ಕೇಳುವ ಧೈರ್ಯವಿರಲಿಲ್ಲ.

ಕಾಫಿಯೆಲ್ಲ ಮೂಟೆಯಾದ ಮೇಲೆ ಒಂದು ಮಧ್ಯಾಹ್ನ ಭಾವ ಫೋನು ಮಾಡಿದರು. ನಡೆದದ್ದನ್ನೆಲ್ಲ ಹೇಳಿದೆ. ಬಿದ್ದು ಬಿದ್ದು ನಕ್ಕರು. "ನೀವ್ಯಾಕೆ ಭಾವ ಮಳೆ ಹಾಕ್ಕೊಂಡು ಆಡ್ತಿದ್ರಿ?" ಎಂದೆ.

"ಬೇಸಿಗೇಲಿ ಆಡ್ತಿದ್ದೆ ಮಾರಾಯ. ಕುದುರೆಮುಖದಲ್ಲಿ ಮಳೆ ಸದ್ದಿಲ್ದೆ ನಿದ್ದೆ ಬರ್ತಿರ್ಲಿಲ್ಲ ನಂಗೆ." ಅವರ ನಗು ನಿಂತಿತ್ತು. "ಇಲ್ಲಿ ಬಂದ ಮೇಲೆ ಬರೀ ಫ್ಯಾನ್ ಸದ್ದು ಕಣೋ. ಒಂದು ಸಲ ಆ ಮಳೆ ಹಾಕ್ತೀಯಾ? ಫೋನು ಹತ್ರ ಇಡು. ನಿನ್ನಕ್ಕನೂ ಇಲ್ಲೇ ಕೂತಿದಾಳೆ, ಕೇಳ್ತೀವಿ."

ಆಟ ತೆರೆದೆ. ಫೋನನ್ನು ವೈರು ಸಮೇತ ಎಳೆದು ಸ್ಪೀಕರಿನ ಮುಂದೆ ಇಟ್ಟೆ. ಸದ್ದು ಪೂರ್ತಿ ದೊಡ್ಡದು ಮಾಡಿದೆ. ಸ್ಕಾಟ್‌ಲೆಂಡಿನಲ್ಲಿ ಮೋಡ ಕವಿಯಿತು. ಮೊದಲು ಸಣ್ಣಗೆ, ಆಮೇಲೆ ದಪ್ಪಗೆ 'ಹೋ' ಎಂದಿತು.

ಮುಂದಿನದು ಹೇಗಾಯಿತೋ ನನಗೆ ಗೊತ್ತಿಲ್ಲ. ಎಚ್ಚರವಾದಾಗ ನಾನು ಕಣದ ನಡುವೆ ಇದ್ದೆ. ಎರಡೂ ಕೈಯಲ್ಲಿ ಟಾರ್ಪಾಲು ಹಿಡಿದು ಶಕ್ತಿಯೆಲ್ಲ ಹಾಕಿ ಎಳೆಯುತ್ತಿದ್ದೆ! "ಮಳೇ! ಬನ್ರೋ!" ಎಂದು ಕೂಗುತ್ತಲೂ ಇದ್ದೆ.

ಕಣದ ಕಟ್ಟೆಯ ಮೇಲೆ ಎಲೆಅಡಿಕೆ ಹಾಕುತ್ತ ಕೂತಿದ್ದ ನಿಂಗಪ್ಪ ಏಳಲಿಲ್ಲ. "ಅಯ್ಯಾ, ಅದು ನಿಮ್ಮ ಮಳೆ," ಎಂದ. "ಮತ್ತೆ ಕಣದಲ್ಲಿ ಕಾಫಿನೂ ಇಲ್ಲ."

ನೋಡಿದೆ. ಬಿಸಿಲು ಸುಡುತ್ತಿತ್ತು. ಕಣ ಖಾಲಿ.

ಕಿಟಕಿಯೊಳಗೆ ಸುಮಿತ್ರ ಫೋನು ಎತ್ತಿಕೊಂಡಿದ್ದು ಕಂಡಿತು. ಎಷ್ಟೋ ದಿನಗಳ ಮೇಲೆ ಅವಳು ನಗುತ್ತಿದ್ದಳು.

"ಭಾವ, ನೀವು ಕೇಳ್ತಾ ಇರಿ, ನಾನು ನಿಲ್ಸಲ್ಲ," ಎಂದಳು. "ಇವ್ರು ಹೊರಗೆ ಕಣ ಮುಚ್ತಿದಾರೆ."